ಸಕ್ಕರೆ ಅಚ್ಚು: ಮರದ್ದೋ, ಸಿಲಿಕಾನ್‌ದೋ?

ಸಂಕ್ರಾಂತಿಗೆ ಸಕ್ಕರೆ ಅಚ್ಚನ್ನು ಮನೆಯಲ್ಲೇ ಮಾಡ್ತೀರಾ? ಮರದ ಅಚ್ಚಾದರೆ ಹಿಂದಿನ ರಾತ್ರಿಯೇ ನೀರಲ್ಲಿ ನೆನೆಸಿಡಿ, ಇಲ್ಲದಿದ್ದರೆ ಸಕ್ಕರೆ ಅಂಟಿಕೊಳ್ಳುತ್ತದೆ. ಹೋಳುಗಳನ್ನು ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿದು, ಪಾಕ ಹುಯ್ಯಬೇಕು. ಸಡಿಲವಾದರೆ ಪಾಕವೆಲ್ಲ ಕಟ್ಟೆ ಮೇಲೆ! ನನ್ನ ಮೊದಲ ಆನೆಗೆ ಸೊಂಡಿಲೇ ಬರಲಿಲ್ಲ. ಆದರೆ ಸರಿಯಾಗಿ ಬಂದರೆ, ಎರಡೂ ಕಡೆ ಉಬ್ಬಿ ತಟ್ಟೆಯಲ್ಲಿ ನೆಟ್ಟಗೆ ನಿಲ್ಲುವ ಗೋಪುರ ನೋಡೋದೇ ಖುಷಿ.

ಸಿಲಿಕಾನ್ ಸುಲಭ. ನೆನೆಸುವ, ಕಟ್ಟುವ ರಗಳೆ ಇಲ್ಲ. ಆರಿದ ಮೇಲೆ ಹಿಂದಿನಿಂದ ಒತ್ತಿದರೆ ಆಯ್ತು. ಹಿಂಬದಿ ಮಾತ್ರ ಸಾಮಾನ್ಯವಾಗಿ ಚಪ್ಪಟೆ, ಸುಮ್ನೆ ಚಾಕಲೇಟ್ ಥರ ಕಾಣುತ್ತದೆ. ಮೊದಲ ಸಲ ಮಾಡುವವರಿಗೆ ಇದೇ ಸರಿ. ಮಕ್ಕಳು ಜೊತೆಗಿದ್ದರೆ ಬಿಸಿ ಪಾಕ ನೀವೇ ಹುಯ್ಯಿರಿ.

ಅಜ್ಜಿಯ ಮರದ ಅಚ್ಚು ಅಟ್ಟದಲ್ಲಿದ್ದರೆ ಹೊಸದು ಯಾಕೆ? ಅದನ್ನೇ ಇಳಿಸಿ.