ಕ್ವಿಜ್ ಕಾರ್ಡಿನ ಡಬ್ಬಿ: ಕರಕುಶಲಕ್ಕೆ ಫುಲ್ ಮಾರ್ಕ್ಸ್, ಇತಿಹಾಸ ಜಸ್ಟ್ ಪಾಸ್

ಮಕ್ಕಳು ದೊಡ್ಡವರು ಒಟ್ಟಿಗೆ ಕೂತು ಆಡಲಿ ಅಂತ ತರಿಸಿದ ಜನರಲ್ ನಾಲೆಡ್ಜ್ ಕಾರ್ಡುಗಳ ಡಬ್ಬಿ ಇದು. ಭೂಗೋಳ, ಇತಿಹಾಸ, ವಿಜ್ಞಾನ, ಕರಕುಶಲ ಅಂತ ನಾಲ್ಕು ಬಣ್ಣದ ಕಟ್ಟು. ಮುಂದೆ ಪ್ರಶ್ನೆ, ಹಿಂದೆ ಉತ್ತರ. ನಾಲ್ಕನ್ನೂ ಬರೆದವರು ಬೇರೆ ಬೇರೆ ಜನ ಅನ್ನುವುದು ಸ್ವಲ್ಪ ಹೊತ್ತಿಗೇ ಗೊತ್ತಾಗುತ್ತದೆ.

ಕರಕುಶಲದ ಕಟ್ಟಿಗಾಗಿಯೇ ಇದನ್ನು ಕೊಳ್ಳಬಹುದು. ಒಂದು ಕಾರ್ಡು ಹೀಗಿದೆ: ಇಂಡಿಗೊ (ಗಿಡದಿಂದ ಬರುವ ನೀಲಿ ಬಣ್ಣ) ತೊಟ್ಟಿಯಿಂದ ಆಗ ತಾನೇ ಎತ್ತಿದ ಬಟ್ಟೆ ಯಾವ ಬಣ್ಣ? ಎಲ್ಲರೂ ನೀಲಿ ಅಂದರು. ತಿರುಗಿಸಿದರೆ ಹಳದಿ ಕಲೆತ ಹಸಿರು! ಕಾರಣವನ್ನೂ ಬರೆದಿದ್ದಾರೆ. ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ. ತೊಟ್ಟಿಯಲ್ಲಿ ಆಮ್ಲಜನಕ ಇಲ್ಲದ ಹಾಗೆ ಮಾಡಿ ಅದನ್ನು ಕರಗುವ ರೂಪಕ್ಕೆ ತರುತ್ತಾರೆ, ಆಗ ಅದರ ನೀಲಿ ಹೋಗಿಬಿಡುತ್ತದೆ. ಬಟ್ಟೆ ಮೇಲೆತ್ತಿ ಗಾಳಿ ತಾಗಿದ ಮೇಲೆ ಮತ್ತೆ ನೀಲಿಯಾಗಿ ನೂಲಿನೊಳಗೇ ಕೂರುತ್ತದೆ. ಬಣ್ಣ ಗಾಢ ಬೇಕಾದರೆ ಅದ್ದಬೇಕು, ಗಾಳಿಗೆ ಹಿಡಿಯಬೇಕು, ಮತ್ತೆ ಅದ್ದಬೇಕು. ಈ ಕಾರ್ಡಿಗೆ ನಮ್ಮ ಆಟ ನಿಂತು, ಮಾತು ಜೀನ್ಸ್ ಪ್ಯಾಂಟಿನ ತನಕ ಹೋಯಿತು.

ಬಿದ್ರಿ ಕೆಲಸದ ಕಾರ್ಡೂ ಹಾಗೇ ಇದೆ. ಮಣ್ಣು, ನವಸಾಗರ (ಒಂದು ಬಗೆಯ ಉಪ್ಪು) ಕಲಸಿದ ನೀರು ಸತುವಿನ ಮಿಶ್ರಲೋಹವನ್ನು ಕಪ್ಪು ಮಾಡುತ್ತದೆ, ಅದರೊಳಗೆ ಕೂರಿಸಿದ ಬೆಳ್ಳಿಯನ್ನು ಮಾತ್ರ ಹಾಗೇ ಬಿಡುತ್ತದೆ. ಎರಡೇ ಸಾಲು, ಆದರೆ ಪೂರ್ತಿ ವಿಷಯ.

ಈಗ ಇತಿಹಾಸಕ್ಕೆ ಬನ್ನಿ. ಬರೀ ಇಸವಿ. ಚಂಪಾರಣ್ ಸತ್ಯಾಗ್ರಹ ಯಾವಾಗ? 1917. ಮುಗಿಯಿತು. ಅರೆ, ಅದು ಇಂಡಿಗೊ ಬೆಳೆಯುತ್ತಿದ್ದ ರೈತರ ಹೋರಾಟ ಅಲ್ವಾ? 1897ರಲ್ಲಿ ಜರ್ಮನಿಯಲ್ಲಿ ತಯಾರಾದ ಕೃತಕ ಇಂಡಿಗೊ ಮಾರುಕಟ್ಟೆಗೆ ಬಂದ ಮೇಲೆ ಗಿಡದ ಬಣ್ಣ ಕೇಳುವವರು ಕಡಿಮೆಯಾದರು. ಆ ನಷ್ಟವನ್ನು ತೋಟದ ಮಾಲೀಕರು ಗೇಣಿ ಏರಿಸಿ ರೈತರ ತಲೆಗೇ ಕಟ್ಟಿದರು. ಇಂಡಿಗೊ ಮೇಲೆ ಕೆಲಸ ಮಾಡಿದ ಅಡಾಲ್ಫ್ ಫಾನ್ ಬೇಯರ್‌ಗೆ 1905ರ ನೊಬೆಲ್ ಬಂದದ್ದು ವಿಜ್ಞಾನದ ಕಟ್ಟಿನಲ್ಲಿ ಇದೆ. ಒಂದೇ ಡಬ್ಬಿಯಲ್ಲಿ ಮೂರು ಕಾರ್ಡು, ಒಂದಕ್ಕೊಂದು ಪರಿಚಯವೇ ಇಲ್ಲ!

ಇತಿಹಾಸದಲ್ಲಿ ಮನಸ್ಸಿಗೆ ಹಿಡಿಸಿದ್ದು ಒಂದೇ ಕಾರ್ಡು: 1582ರ ಅಕ್ಟೋಬರ್ 10ರಂದು ರೋಮ್‌ನಲ್ಲಿ ಏನಾಯಿತು? ಉತ್ತರ: ಅಂಥ ದಿನವೇ ಇರಲಿಲ್ಲ. ಕ್ಯಾಲೆಂಡರ್ ಸರಿ ಮಾಡಲು ಅಕ್ಟೋಬರ್ 4ರ ಮರುದಿನವನ್ನೇ 15 ಅಂತ ಎಣಿಸಿದ್ದರು. ಇಂಥವು ಇನ್ನೂ ನಾಲ್ಕು ಇದ್ದಿದ್ದರೆ ಈ ಕಟ್ಟೂ ಗೆಲ್ಲುತ್ತಿತ್ತು.

ಭೂಗೋಳದಲ್ಲಿ ತಪ್ಪುಗಳೇ ಇವೆ. ಜಗತ್ತಿನ ಅತಿ ದೊಡ್ಡ ಮರುಭೂಮಿ ಸಹಾರಾ ಅಂತೆ. 'ಬಿಸಿ' ಅನ್ನುವ ಪದ ಸೇರಿಸಿದ್ದರೆ ಸರಿ. ಮಳೆ, ಹಿಮ ಎಷ್ಟು ಬೀಳುತ್ತದೆ ಅಂತ ನೋಡಿದರೆ ಅಂಟಾರ್ಕ್ಟಿಕಾ ಕೂಡ ಮರುಭೂಮಿಯೇ, ಮತ್ತು ಅದೇ ದೊಡ್ಡದು. ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ ಅನ್ನುವ ಹಳೇ ಕಥೆಯನ್ನೂ ಸೇರಿಸಿದ್ದಾರೆ. ಚಂದ್ರನ ಮಾತು ಬಿಡಿ, 2003ರಲ್ಲಿ ಭೂಮಿ ಸುತ್ತಿ ಬಂದ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ ಅವರೇ ಗೋಡೆ ಕಾಣಲಿಲ್ಲ ಅಂದಿದ್ದರು. ಆ ಕಾರ್ಡನ್ನು ನಾನು ತೆಗೆದು ಪಕ್ಕಕ್ಕಿಟ್ಟೆ.

ಕಾಗದ ತೀರಾ ತೆಳು. ಪ್ರಶ್ನೆ ಓದುವವರ ಹಿಂದೆ ದೀಪ ಇದ್ದರೆ ಅಕ್ಷರ ಈ ಕಡೆಗೆ ಉಲ್ಟಾ ಕಾಣುತ್ತದೆ. ಮಕ್ಕಳು ಇದನ್ನು ಬೇಗ ಕಂಡುಹಿಡಿಯುತ್ತಾರೆ, ಸುಮ್ನೆ ಜಗಳ. ದೀಪಕ್ಕೆ ಮುಖ ಮಾಡಿ ಕೂತು ಓದಿ. ಮರಳಿನ ಟೈಮರ್ ಪರವಾಗಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇತಿಹಾಸದ ಕಟ್ಟು ಬೇಡ. ಕರಕುಶಲದ ಕಾರ್ಡುಗಳನ್ನೇ ಜಾಸ್ತಿ ಮಾಡಿ ಬೇರೆ ಡಬ್ಬಿ ತಂದರೆ ಖಂಡಿತ ಕೊಳ್ಳುತ್ತೇನೆ.