ಮೂರನೇ ಪಾಠಕ್ಕೆ ಐದು ಸ್ಟಾರ್, ರಸಪ್ರಶ್ನೆಗೆ ಒಂದೇ

ಒಕ್ಕೂಟ ದೇಶಗಳ ಪ್ರಾದೇಶಿಕ ಪಕ್ಷಗಳ ಬಗ್ಗೆ ಈ ಆನ್‌ಲೈನ್ ಕೋರ್ಸ್ ಸೇರಿದ್ದು ನಿದ್ದೆ ಬಾರದ ರಾತ್ರಿ ಕಳೆಯೋಕೆ. ಮೊದಲೆರಡು ಪಾಠ ಬರೀ ವ್ಯಾಖ್ಯೆ, ಓಡಿಸಿಬಿಟ್ಟೆ. ಮೂರನೆಯದು ಎದ್ದು ಕೂರಿಸಿತು. ಕೆನಡಾದಲ್ಲಿ ಒಂದೇ ಪ್ರಾಂತ್ಯದಲ್ಲಿ ನಿಲ್ಲುವ ಬ್ಲಾಕ್ ಕೆಬೆಕ್ವಾ 1993ರಲ್ಲಿ 54 ಸ್ಥಾನ ಗೆದ್ದು ಅಧಿಕೃತ ವಿರೋಧಪಕ್ಷವೇ ಆಗಿಬಿಟ್ಟಿತಂತೆ! 2011ರಲ್ಲಿ ಉಳಿದದ್ದು ನಾಲ್ಕೇ. ಅಲ್ಲಿನ ಕೆಳಮನೆಯಲ್ಲಿ 12 ಸ್ಥಾನ ಇಲ್ಲದ ಪಕ್ಷಕ್ಕೆ ಮಾನ್ಯತೆಯ ಸವಲತ್ತು ಸಿಗಲ್ಲ. ಜರ್ಮನಿಯಲ್ಲಿ ಸಂಸತ್ತಿಗೆ ಬರೋಕೆ ಪಕ್ಷಗಳಿಗೆ ಇರುವ ಶೇ 5 ಮತಗಳ ಮಿತಿ ಅಲ್ಲಿನ ಡೇನಿಷ್ ಅಲ್ಪಸಂಖ್ಯಾತರ ಪಕ್ಷಕ್ಕೆ ಇಲ್ಲವೇ ಇಲ್ಲ. 2021ರಲ್ಲಿ ಒಬ್ಬರು ಗೆದ್ದು ಬಂದರು. ಈ ಭಾಗ ಎರಡು ಸಲ ನೋಡಿದೆ.

ರಸಪ್ರಶ್ನೆ ಮಾತ್ರ ತಲೆನೋವು. ಮಾನ್ಯತೆಗೆ ಎಷ್ಟು ಸ್ಥಾನ ಅಂದಾಗ 12 ಒತ್ತಿದರೆ ಕೆಂಪು ಗುರುತು. ಪಾಠದಲ್ಲಿ ಹೇಳಿದ್ದು ಅದನ್ನೇ ಅಲ್ವಾ? ದೂರು ಕೊಟ್ಟೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಯಂತ್ರದ ಉತ್ತರ ಬಂತು. ಗುರುತು ಇನ್ನೂ ಕೆಂಪಗೇ ಇದೆ.