ಹುಲ್ಲು ಮುಗಿಯದ ಆಟ, ಹುಲ್ಲು ಮುಗಿಯುವ ಆಟ

ನಾನು 'ಏಜ್ ಆಫ್ ಎಂಪೈರ್ಸ್ 4' ಎಂಬ ಕಂಪ್ಯೂಟರ್ ಯುದ್ಧದ ಆಟ ಕೊಂಡಿದ್ದೇ ಮಂಗೋಲರಾಗಿ ಆಡುವ ಆಸೆಗೆ. 1999ರಲ್ಲಿ ಬಂದ ಈ ಸರಣಿಯ ಎರಡನೇ ಆಟದಲ್ಲಿ ಅವರ ಬೇಟೆಗಾರರು ಚುರುಕೇನೋ ನಿಜ. ಜಿಂಕೆ ಮುಗಿದ ಮೇಲೆ ಅವರೂ 60 ಮರ ಕೊಟ್ಟು ಹೊಲ ಮಾಡಲೇಬೇಕು. ಚಂಗೀಸ್ ಖಾನನ ಜನ ನಿಂತಲ್ಲೇ ಬೇಸಾಯ ಮಾಡುವುದನ್ನು ನೋಡಿ ನೋಡಿ ಸಾಕಾಗಿತ್ತು. 2021ರ ನಾಲ್ಕನೆಯದರಲ್ಲಿ ಅವರಿಗೆ ಹೊಲವಿಲ್ಲ, ಮನೆ ಕಟ್ಟುವ ಗೋಜಿಲ್ಲ, ಊರನ್ನೇ ಗಾಡಿಗೆ ಹೇರಿಕೊಂಡು ಹೊರಡಬಹುದು. ಇನ್ನೇನು ಬೇಕು ಅಂದುಕೊಂಡೆ.

ವಾರ ಕಳೆದ ಮೇಲೆ ನೋಡಿದರೆ ನಾನು ಗಾಡಿ ಹೊರಡಿಸಿದ್ದೇ ಅಪರೂಪ. ಕುರಿದೊಡ್ಡಿ ಕಟ್ಟಿದರೆ ಆಯಿತು, ಒಂದರ ಹಿಂದೊಂದು ಕುರಿ ಬರುತ್ತಲೇ ಇರುತ್ತದೆ. ಸಾಲಾಗಿ ಹತ್ತು ದೊಡ್ಡಿ ನಿಲ್ಲಿಸಿದರೂ ನೆಲ ಬೋಳಾಗುವುದಿಲ್ಲ.

ಮೇವೇ ಮುಗಿಯದಿದ್ದರೆ ಅಲೆಮಾರಿ ಬೀಡು ಕೀಳುವುದಾದರೂ ಯಾಕೆ? ದೊಡ್ಡಿಯನ್ನು ಗಾಡಿಗೆ ಹೇರಿದಷ್ಟು ಹೊತ್ತೂ ಕುರಿಯಿಲ್ಲ, ಹಾಗಾಗಿ ಹೊರಟವನಿಗೇ ನಷ್ಟ. ಗೋಧಿಯ ಬದಲು ಕುರಿ ಬೆಳೆಯುವ ರೈತ, ಅಷ್ಟೇ. ನಿಜವಾದ ಮಂಗೋಲಿಯಾದಲ್ಲಿ ಕುದುರೆ, ದನ, ಒಂಟೆ, ಕುರಿ, ಮೇಕೆ ಐದನ್ನೂ ಸಾಕುವವರು ಋತು ನೋಡಿ ಜಾಗ ಬದಲಿಸುತ್ತಾರೆ. ಕೆಟ್ಟ ಚಳಿಗಾಲ ಬಂದರೆ ಮಂದೆಗೆ ಮಂದೆಯೇ ಸಾಯುತ್ತದೆ; ಅದಕ್ಕೆ 'ಝುಡ್' ಎಂಬ ಹೆಸರೇ ಇದೆ. ಆ ಹೆದರಿಕೆ ಈ ಆಟದಲ್ಲಿ ಎಲ್ಲೂ ಇಲ್ಲ.

ಮಧ್ಯಯುಗದ ರಾಜ್ಯ ನಡೆಸುವ ಆಟ 'ಕ್ರುಸೇಡರ್ ಕಿಂಗ್ಸ್ 3'ರ 2025ರ ವಿಸ್ತರಣೆ 'ಖಾನ್ಸ್ ಆಫ್ ದಿ ಸ್ಟೆಪ್' ಮೊದಲ ಸಂಜೆಯೇ ಅದನ್ನು ಕಲಿಸಿತು. ಇಲ್ಲಿ ಮಂದೆಯೇ ಬಂಡವಾಳ. ಮೇಯುತ್ತಾ ಹೋದಂತೆ ನೆಲದ ಫಲವತ್ತತೆ ಇಳಿಯುತ್ತದೆ. ಹೊರಡಲೇಬೇಕು. ಹೊರಟರೆ ಮುಂದಿನ ಹುಲ್ಲಿನ ಮೇಲೆ ಇನ್ನೊಬ್ಬ ಖಾನ ಕೂತಿರುತ್ತಾನೆ. ನನ್ನ ಯುದ್ಧಗಳಲ್ಲಿ ಅರ್ಧ ಹುಲ್ಲಿಗಾಗಿಯೇ ಆದವು.

ಅಂಥದೇ ಇನ್ನೊಂದು ಆಟ 'ಯೂರೋಪಾ ಯೂನಿವರ್ಸಾಲಿಸ್ 4'ರ ಅಲೆಮಾರಿಗಳಿಗೆ ನಾಡು ಸುಟ್ಟು ಅಂಕ ಗಳಿಸುವುದೇ ಕಸುಬು, ಬೇಗ ಬೇಜಾರಾಯಿತು.

ನನ್ನ ಮೆಚ್ಚಿನ 'ಕ್ರುಸೇಡರ್ ಕಿಂಗ್ಸ್ 3'ರಲ್ಲೂ ರೈತ ಮಾತ್ರ ಕಾಣುವುದಿಲ್ಲ, ಅವನು ಬರೀ ಅಭಿವೃದ್ಧಿಯ ಸಂಖ್ಯೆ. ಆದರೆ ಅಲೆಮಾರಿಗೆ ರೈತರ ನಾಡಿನ ಸರಕೂ ಬೇಕು. ಮಿಂಗ್ ಚೀನಾದೊಂದಿಗೆ ವ್ಯಾಪಾರ ಬೇಕೆಂದು ಮಂಗೋಲ ದೊರೆ ಅಲ್ತಾನ್ ಖಾನ್ 1550ರಲ್ಲಿ ಬೀಜಿಂಗ್ ಹೊರವಲಯದವರೆಗೂ ನುಗ್ಗಿದ. 1571ರಲ್ಲಿ ಒಪ್ಪಂದವಾಗಿ ಗಡಿಯಲ್ಲಿ ಕುದುರೆ ಸಂತೆ ತೆರೆಯಿತು. ಈ ಆಟದ ಕಾಲ 1453ಕ್ಕೇ ಮುಗಿಯುತ್ತದೆ, ಒಪ್ಪಿದೆ. ಆದರೂ ಅಂಥ ಸಂತೆಯೊಂದು ಇರಬೇಕಿತ್ತು.

ಮೂಲ ಆಟದ ಜತೆ ವಿಸ್ತರಣೆಗೂ ದುಡ್ಡು ತೆರಬೇಕು; ನಾನು ರಿಯಾಯಿತಿಗೆ ಕಾದು ತಗೊಂಡೆ. ರಾತ್ರಿ ಒಂದು ಗಂಟೆ ಹೊತ್ತು, ನಿಲ್ಲಿಸಿ ನಿಲ್ಲಿಸಿ ಆಡುವ ನನಗೆ ಇದೇ ಸರಿ. 'ಏಜ್ ಆಫ್ ಎಂಪೈರ್ಸ್ 4' ಡಿಲೀಟ್ ಮಾಡಿಲ್ಲ, ಗೆಳೆಯರು ಜಗಳಕ್ಕೆ ಕರೆದಾಗ ಬೇಕಾಗುತ್ತದೆ.